ಘಾಟಿ ಮೇಲಿನ ರೂಮಿನಲ್ಲಿ ಅಪ್ಪನಿಗೆ ಎಡೆ

ಅಪ್ಪ ಟೆಂಪೋ ಟ್ರಾವೆಲರ್ ಓಡಿಸುತ್ತಿದ್ದರು. ನರಸೀಪುರದಿಂದ ಪ್ರವಾಸ ಹೊರಟವರನ್ನು ಘಾಟಿಯ ಮೇಲಿನ ಒಂದು ಪುಟ್ಟ ಗೆಸ್ಟ್‌ಹೌಸಿಗೆ ಎಷ್ಟು ಸಲ ಕರೆದೊಯ್ದರೋ. ಪಾರ್ಟಿಯವರು ರೂಮಿನಲ್ಲಿ, ಅಪ್ಪ ಕೆಳಗೆ ಗಾಡಿಯ ಸೀಟಿನಲ್ಲಿ. "ಆ ರೂಮಿನ ಕಿಟಕೀಲಿ ಕಣಿವೆ ಪೂರ್ತಿ ಕಾಣ್ತದಂತೆ ಕಣೇ" ಎಂದು ಅವ್ವನಿಗೆ ಹೇಳುತ್ತಿದ್ದರು. ಅವರು ನೋಡಿರಲಿಲ್ಲ.

ಅವರು ತೀರಿಕೊಂಡ ಮೇಲೆ ಮೊದಲ ಪಿತೃಪಕ್ಷ ಬಂತು. "ಎಡೆ ಮನೇಲಿಕ್ಕಲ್ಲ ಕಣ್ಲಾ, ಆ ರೂಮಲ್ಲೇ ಇಕ್ತೀನಿ. ಒಂದ್ಸಲನಾದ್ರೂ ಒಳಗ್ ಕುಂತು ಉಣ್ಲಿ" ಎಂದಳು ಅವ್ವ.

ಜವಾಬ್ದಾರಿ ನನ್ನ ಮೇಲೆ ಬಿತ್ತು. ನನಗೆ ಜವಾಬ್ದಾರಿ ಕೊಡುವುದೂ ಕೋತಿಗೆ ಕೊಬ್ಬರಿ ಅಂಗಡಿ ವಹಿಸುವುದೂ ಒಂದೇ ಎಂದು ನಮ್ಮೂರು ಹೆಮ್ಮಿಗೆಗೆಲ್ಲ ಗೊತ್ತು. ನಂಜನಗೂಡಿನಲ್ಲಿ ಬಸ್ ಬದಲಿಸುವಾಗಲೇ, ಎಡೆಗೆಂದು ಮನೆಯಿಂದ ತಂದಿದ್ದ ಕೋಳಿಸಾರಿನ ಕಾಲು ಭಾಗವನ್ನು ನನ್ನ ಪ್ಯಾಂಟಿಗೆ ಎಡೆಯಿಟ್ಟಿದ್ದೆ.

ರೂಮಿನಲ್ಲಿ ಎರಡು ಮಂಚ, ಮುಗ್ಗಲು ವಾಸನೆಯ ಕಂಬಳಿ. ಆದರೆ ಕಿಟಕಿ ತೆಗೆದರೆ ಬೆಟ್ಟದ ಹಿಂದೆ ಬೆಟ್ಟ, ಕೆಳಗೆ ಹಸಿರು ಕಣಿವೆ. ಅವ್ವ ಕಿಟಕಿಯ ಕೆಳಗೇ ಎಲೆ ಹಾಸಿದಳು. ಮುದ್ದೆ, ಸಾರು, ವಡೆ, ಒಂದು ಕಟ್ಟು ಬೀಡಿ. ಪಕ್ಕದಲ್ಲಿ ಹೊಸ ಪಂಚೆ. ಎಡೆಯಿಟ್ಟ ಮೇಲೆ ಎಲ್ಲರೂ ಹೊರಬಂದು ಬಾಗಿಲು ಮುಚ್ಚುವುದು ನಮ್ಮ ಕಡೆಯ ಪದ್ಧತಿ. ಸತ್ತವರು ಸಂಕೋಚವಿಲ್ಲದೆ ಉಣ್ಣಲಿ ಎಂದು. ಸ್ವಲ್ಪ ಹೊತ್ತು ಬಿಟ್ಟು, ಬಾಗಿಲು ತಟ್ಟಿ ಒಳಗೆ ಹೋಗಬೇಕು.

ಬಾಗಿಲು ಎಳೆದೆ. ಕ್ಲಿಕ್ ಎಂದಿತು. ನಮ್ಮೂರಿನ ಬಾಗಿಲುಗಳಿಗೆ ಈ ಬುದ್ಧಿಯಿಲ್ಲ. ಕೀ ಒಳಗೇ ಉಳಿದಿತ್ತು.

"ಇನ್ನೊಂದ್ ಕೀ ಓನರ್ ಅತ್ರ ಐತೆ ಸಾ. ನಂಜನಗೂಡ್ಗೋಗವ್ರೆ, ಸಂಜೆ ಬತ್ತಾರೆ" ಎಂದ ಮ್ಯಾನೇಜರು. "ಅರ್ಜೆಂಟಾದ್ರೆ ಒಡ್ದಾಕ್ಬುಡೋಣ."

ನಾನು ಹೀರೋ ಥರ ಭುಜ ಕೊಡಲು ಹೋದೆ. ಅವ್ವ ಕಾಲರ್ ಹಿಡಿದೆಳೆದಳು. "ಉಣ್ಣೋರಿದ್ದಾಗ ಬಾಗ್ಲು ಒಡೀತಾರೇನ್ಲಾ ಮುಂಡೇದೆ?"

ಜಗುಲಿಯಲ್ಲಿ ಕೂತೆವು. ಮೋಡ ಬಂದು ಕಣಿವೆಯನ್ನು ನುಂಗಿತು.

"ಅಪ್ಪ ಉಂಡು ಗಡದ್ದಾಗಿ ನಿದ್ದೆ ಒಡೀತಾವ್ರೆ ಕಣವ್ವ" ಎಂದೆ.

"ಒಡೀಲಿ ಬುಡು. ಒಂದಿನಾನೂ ನೆಟ್ಟಗೆ ಕಾಲ್ ಚಾಚಿ ಮಲಗ್ನಿಲ್ಲ."

ಸಂಜೆ ಓನರು ಬಂದು ಬಾಗಿಲು ತೆಗೆದರು. ಅವ್ವ ಎಡೆಯನ್ನು ನೋಡಲಿಲ್ಲ. ನೇರ ಮಂಚದ ಬಳಿ ಹೋಗಿ, ಒಂದು ಸುಕ್ಕೂ ಇಲ್ಲದ ಬೆಡ್‌ಶೀಟಿನ ಮೇಲೆ ಕೈಯಾಡಿಸಿದಳು.

"ಬಂದಿಲ್ಲ ಕಣ್ಲಾ."

"ಅದೆಂಗೇಳ್ತೀಯವ್ವ?"

"ಡ್ರೈವರ್ರು ಮೇಲಕ್ಕೆ ಬರಂಗಿಲ್ಲ ಅಂತ ಕೆಳಗೇ ನಿಂತವ್ರೆ."

ಈ ಸಲ ನಾನು ಮರೆಯದೆ ಕೀ ಎತ್ತಿಕೊಂಡೆ.

ಅವ್ವ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮೆಟ್ಟಿಲಿಳಿದಳು. ಕೆಳಗೆ ಯಾವುದೋ ಗಾಡಿಯಲ್ಲಿ ಒಬ್ಬ ಡ್ರೈವರ್ ಸೀಟು ಬಾಗಿಸಿ ಮಲಗಿದ್ದ. ನಾನು ಗಾಜು ತಟ್ಟಿದೆ.

"ಏಳಪ್ಪ, ಉಣ್ಣು. ಸಾರು ಆರೋಗೈತೆ" ಎಂದಳು ಅವ್ವ.

ಅವನು ಎಲೆಯ ಮೇಲಿನ ಬೀಡಿ ಕಟ್ಟು ನೋಡಿದ. "ಯಾರ ಎಡೆ ತಾಯಿ?"

"ನಿನ್ನಂಗೇ ಒಬ್ರುದು."

ಅವನು ಇಳಿದು, ಚಪ್ಪಲಿ ಬಿಟ್ಟು, ನೆಲದ ಮೇಲೆ ಕೂತು ಉಂಡ. ಅವ್ವ ಗಾಡಿಗೆ ಒರಗಿಕೊಂಡು, ಸದ್ದು ಮಾಡದೆ ಅತ್ತಳು.