ಪುಚೊಂಗ್‌ನಿಂದ ಹೋದ ಹನ್ನೊಂದು ಓಟು

ನಾನು ಜೀವಮಾನದಲ್ಲಿ ಓಟು ಹಾಕಿದ್ದು ಒಂದೇ ಸಲ. ಅದೂ ಗದಗಿನಲ್ಲಿ, ಗೆಳೆಯನ ಮಾವನಿಗೆ. ಅವರು ಸೋತರು. ಆಮೇಲೆ ಮಲೇಷ್ಯಾದ ಪುಚೊಂಗ್‌ಗೆ ಬಂದೆ. ಪಾಸ್‌ಪೋರ್ಟು ಇನ್ನೂ ಭಾರತದ್ದೇ ಆದ್ದರಿಂದ ಇಲ್ಲಿ ನನಗೆ ಓಟಿಲ್ಲ. ಅಲ್ಲಿ ಓಟಿನ ದಿನ ಖುದ್ದಾಗಿ ಹಾಜರಿರಬೇಕು, ಹಾಗಾಗಿ ಅಲ್ಲಿಯದೂ ಇದ್ದೂ ಇಲ್ಲದಂತೆ. ಇಲ್ಲಿಯ ನಗರಸಭೆಯ ಮಾತಂತೂ ಬೇಡವೇ ಬೇಡ. ಇಲ್ಲಿ ಹುಟ್ಟಿ ಬೆಳೆದವರಿಗೂ ಅದರ ಚುನಾವಣೆ ಇಲ್ಲ, ಸದಸ್ಯರನ್ನು ಸರಕಾರವೇ ನೇಮಿಸುತ್ತದೆ. ನಮ್ಮ ಅಂಗಡಿಯ ಮುಂದಿನ ಚರಂಡಿಯ ಮುಚ್ಚಳ ಮುರಿದಾಗ ಯಾರಿಗೆ ಹೇಳಬೇಕೆಂದು ತಿಳಿಯದೆ ನಾನೇ ಒಂದು ಹಲಗೆ ತಂದು ಮುಚ್ಚಿದ್ದೆ. ಇಂಥ ನಾನು ಇಂಗ್ಲೆಂಡಿನ ಒಂದು ನಗರಸಭೆಯ ಚುನಾವಣೆಯ ಫಲಿತಾಂಶವನ್ನು ಬದಲಿಸಿದ್ದೇನೆ. ಜಂಬಕ್ಕೆ ಹೇಳುತ್ತಿಲ್ಲ. ಪೂರ್ತಿ ಓದಿದ ಮೇಲೆ ಜಂಬಪಡುವಂಥದ್ದೇನಾದರೂ ಸಿಕ್ಕರೆ ನನಗೂ ತಿಳಿಸಿ.

ನನ್ನ ಕಸುಬು ಕಿಟಕಿ ಪರದೆಗಳದ್ದು. ಪುಚೊಂಗ್‌ನಲ್ಲಿ ಅಂಗಡಿ, ಗಿರಾಕಿಗಳು ಹೆಚ್ಚಾಗಿ ಮಾಂಟ್ ಕಿಯಾರಾದ ಕಡೆಯವರು, ಎರಡು ವರ್ಷಕ್ಕೆಂದು ಬಂದು ಬಾಡಿಗೆ ಮನೆ ಹಿಡಿಯುವ ಪರದೇಶದವರು. ಬಂದಾಗ ಕೈಯಲ್ಲಿದ್ದದ್ದು ಒಂದು ಅಳತೆ ಟೇಪು, ಉಳಿದದ್ದೆಲ್ಲ ಮಾತಿನಿಂದ ಗಳಿಸಿದ್ದು. ಆ ಮಾತಿನ ಗುಟ್ಟನ್ನೂ ಹೇಳಿಬಿಡುತ್ತೇನೆ, ವ್ಯಾಪಾರ ಮಾಡುವವರು ಬೇಕಿದ್ದರೆ ಬರೆದಿಟ್ಟುಕೊಳ್ಳಿ. ಮನೆಯ ಅಷ್ಟೂ ಕಿಟಕಿಯ ಕೆಲಸ ನನಗೇ ಕೊಡಿ ಎಂದು ಕೇಳಿದರೆ ಗಿರಾಕಿ ತಕ್ಷಣ ಎಚ್ಚರವಾಗುತ್ತಾನೆ, ಇನ್ನೂ ನಾಲ್ಕು ಅಂಗಡಿ ವಿಚಾರಿಸುತ್ತಾನೆ. ಅದರ ಬದಲು, "ಹಾಲಿನ ಕಿಟಕಿ ಒಂದು ನನಗೆ ಕೊಡಿ. ಎರಡು ರೂಮಿನದು ನಿಮಗೆ ಬೇಕಾದವರಿಗೆ ಕೊಡಿ" ಎನ್ನಬೇಕು. ಅವನಿಗೆ ಗೆದ್ದಂತೆ ಅನಿಸುತ್ತದೆ. ಹಾಲಿನ ಪರದೆ ಏರಿಸಿದ ವಾರದಲ್ಲಿ ರೂಮಿನ ಕಿಟಕಿಗಳು ಬೋಳಾಗಿ ಕಾಣತೊಡಗುತ್ತವೆ. ಆಗ ಅವನೇ ಫೋನು ಮಾಡುತ್ತಾನೆ. ಇಪ್ಪತ್ತು ವರ್ಷದಲ್ಲಿ ಈ ಮಾತು ನನ್ನ ಕೈಬಿಟ್ಟಿದ್ದು ಕಡಿಮೆ.

ನನ್ನ ತಂಗಿ ಇಂಗ್ಲೆಂಡಿನಲ್ಲಿದ್ದಾಳೆ. ಒಂದು ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ. ಆರು ವರ್ಷ ಅವಳು ರಜೆ ಹಾಕಿಕೊಂಡು ತನ್ನ ಊರಿನ ನಗರಸಭೆಯ ಸಭೆಗಳಿಗೆ ಹೋಗಿ, ಸಾರ್ವಜನಿಕರಿಗೆಂದು ಇಟ್ಟ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಅಲ್ಲಿಂದ ಒಂದು ಪ್ರಶ್ನೆ ಕೇಳಬೇಕೆಂದರೂ ಮೊದಲೇ ಬರೆದುಕೊಡಬೇಕು, ಮಾತಿಗೆ ಮೂರೇ ನಿಮಿಷ. ಆ ಬೆಂಚಿನಿಂದ ಎದ್ದು ಮುಂದಿನ ಸಾಲಿಗೆ ಹೋಗಬೇಕೆಂಬುದು ಅವಳ ಆಸೆ. ಹಿಂದಿನ ಚುನಾವಣೆಯಲ್ಲಿ ನಿಂತಿದ್ದಳು, ಹತ್ತೊಂಬತ್ತು ಓಟಿನಿಂದ ಸೋತಿದ್ದಳು. "ಈ ಸಲಾನೂ ಸೋತ್ರ ಮತ್ತ ನಿಲ್ಲಂಗಿಲ್ಲಣ್ಣಾ" ಎಂದು ಹೇಳಿಬಿಟ್ಟಿದ್ದಳು.

ಅವಳ ವಾರ್ಡಿಗೆ ಮೂರು ಸ್ಥಾನ. ಒಬ್ಬೊಬ್ಬ ಮತದಾರನಿಗೂ ಮೂರು ಓಟು. ಹೆಚ್ಚು ಓಟು ಬಿದ್ದ ಮೂವರು ಗೆದ್ದಂತೆ. ಅವಳ ಪಕ್ಷದಿಂದ ಮೂವರು ನಿಂತಿದ್ದರು: ಒಬ್ಬ ಬಸ್ ಡ್ರೈವರ್, ನನ್ನ ತಂಗಿ, ಮತ್ತು ಇಪ್ಪತ್ತು ವರ್ಷದಿಂದ ಗೆಲ್ಲುತ್ತ ಬಂದ ಒಬ್ಬ ನಿವೃತ್ತ ಶಾಲಾ ಶಿಕ್ಷಕಿ. ನಮ್ಮ ಮನೆಯಲ್ಲಿ ಆ ಹೆಂಗಸಿಗೆ 'ಟೀಚರ್' ಎಂದೇ ಹೆಸರು. ತಂಗಿಯನ್ನು ಹಿಂದಿನ ಬೆಂಚಿನಲ್ಲಿ ಮೊದಲು ಗಮನಿಸಿದ್ದೇ ಅವರು. ಮೊಣಕಾಲು ನೋವಿದ್ದರೂ ಅವಳ ಜೊತೆ ಬೀದಿ ಬೀದಿ ಸುತ್ತಿ, ಯಾವ ಮನೆಯ ನಾಯಿ ಕಚ್ಚುತ್ತದೆ, ಬಾಗಿಲಿನ ಅಂಚೆ ಕಿಂಡಿಯಲ್ಲಿ ಕರಪತ್ರ ಹರಿಯದಂತೆ ಹೇಗೆ ತೂರಿಸಬೇಕು ಎಂಬುದನ್ನೆಲ್ಲ ಕಲಿಸಿದ್ದರು. ಹಿಂದಿನ ಸಲ ತಂಗಿ ಸೋತು ನಾಲ್ಕನೆಯವಳಾದಾಗ ಮೂರನೆಯವರಾಗಿ ಗೆದ್ದದ್ದು ಈ ಟೀಚರೇ.

ಒಂದು ಭಾನುವಾರ ಫೋನಿನಲ್ಲಿ ತಂಗಿಯನ್ನು ಕೇಳಿದೆ, "ಬಾಗಲಾ ಬಡದು ಏನಂತ ಕೇಳ್ತೀರಿ ನೀವು?"

"ಮೂರೂ ಓಟು ನಮ್ಮ ಪಾರ್ಟಿಗೇ ಹಾಕ್ರಿ ಅಂತೀವಿ. ಟೀಚರಿಗೊಂದು, ಡ್ರೈವರಿಗೊಂದು, ನನಗೊಂದು."

"ಅವ್ರೇನಂತಾರ?"

"ನಗ್ತಾರ. ಥ್ಯಾಂಕ್ಯೂ ಅಂತಾರ. ಬಾಗಲಾ ಹಾಕ್ತಾರ."

"ಹಾಕದ ಏನ್ ಮಾಡ್ತಾರ! ಮೂರೂ ಕೇಳಿದ್ರ ಯಾವ ಗಿರಾಕಿ ಕೊಡ್ತಾನ? ಒಂದು ಕೇಳು. ಒಂದು ನನಗ ಹಾಕ್ರಿ, ಉಳಿದ ಎರಡು ನಿಮಗ ಬೇಕಾದವ್ರಿಗೆ ಹಾಕ್ರಿ ಅನ್ನು. ಮುಖಾ ಹೆಂಗ ಅರಳ್ತದ ನೋಡು."

"ಇದು ಪರದಿ ಅಲ್ಲಣ್ಣಾ."

"ಎಲ್ಲಾ ಪರದೀನ."

ಆ ಕಡೆ ಕರಪತ್ರ ಎಣಿಸಿಡುವ ಸದ್ದು ಕೇಳಿಸಿತು. ಆಮೇಲೆ, "ಟೀಚರಿಗೆ ಏನ್ ಹೇಳ್ಲಿ?" ಎಂದಳು.

"ಏನೂ ಹೇಳಬ್ಯಾಡ. ಅವ್ರದು ಇಪ್ಪತ್ತು ವರ್ಷದ ಸೀಟು. ಎಲ್ಲಿ ಹೋಗ್ತದ ಅದು?"

ಸಲಹೆ ಕೊಟ್ಟು ಸುಮ್ಮನಿದ್ದಿದ್ದರೆ ಪಾಪದಲ್ಲಿ ನನ್ನ ಪಾಲು ಅರ್ಧವೇ ಇರುತ್ತಿತ್ತು. ಆದರೆ ಅಷ್ಟರಲ್ಲಿ ನನಗೊಂದು ಸಂಗತಿ ತಿಳಿಯಿತು. ಬ್ರಿಟಿಷರು ಹಿಂದೆ ಆಳಿದ ನಮ್ಮಂಥ ದೇಶಗಳವರು ಅಲ್ಲಿ ವಾಸವಿದ್ದರೆ ಹೆಸರು ನೋಂದಾಯಿಸಿ ಓಟು ಹಾಕಬಹುದಂತೆ. ವಿದ್ಯಾರ್ಥಿಗಳಾದರೂ ಸರಿಯೇ. ನಮ್ಮ ಪಕ್ಕದ ಸುಬಾಂಗ್ ಜಯಾದ ಕಾಲೇಜುಗಳಲ್ಲಿ ಎರಡು ವರ್ಷ ಓದಿ, ಉಳಿದದ್ದನ್ನು ಇಂಗ್ಲೆಂಡಿನಲ್ಲಿ ಮುಗಿಸುವ ಮಕ್ಕಳು ಎಷ್ಟೊಂದು ಜನ! ತಂಗಿಯ ಊರಿನಲ್ಲಿಯೂ ಇದ್ದಾರೆ, ಅದೂ ಅವಳ ವಾರ್ಡಿನ ಬಾಡಿಗೆ ಮನೆಗಳಲ್ಲಿಯೇ.

ಮೊದಲು ಹಿಡಿದದ್ದು ನಮ್ಮ ಡಾಕ್ಟರನ್ನು. ಮಣಿಪಾಲದ ಕಡೆಯವರು, ಇಲ್ಲಿ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುತ್ತಾರೆ. ಅವರ ಹಾಲಿಗೂ ರೂಮುಗಳಿಗೂ ಪರದೆ ನನ್ನದೇ. ಮಗ ತಂಗಿಯ ಊರಿನಲ್ಲಿಯೇ ಓದುತ್ತಿದ್ದ.

"ಮಾರಾಯ್ರೆ, ಅವನಿಗೆ ಬಟ್ಟೆ ಒಗೀಲಿಕ್ಕೆ ಪುರುಸೊತ್ತಿಲ್ಲ, ಓಟು ಹಾಕ್ಲಿಕ್ಕೆ ಹೋಗ್ತಾನಾ?" ಎಂದರು.

"ಡಾಕ್ಟ್ರೇ, ಮೂರೂ ಓಟು ಕೇಳಂಗಿಲ್ರೀ ನಾನು. ಒಂದು ಸಾಕು. ಎರಡು ಅವನಿಗೆ ಬೇಕಾದವ್ರಿಗೆ ಹಾಕ್ಲಿ."

"ಒಂದೇಯಾ?" ಎಂದರು. ಮುಖ ಅರಳಿತು, ನಾನು ಹೇಳಿರಲಿಲ್ಲವೇ.

ಓಟಿಗಾಗಿ ಒಂದು ಊಟ ಹಾಕಿಸಿದರೂ ಅಲ್ಲಿ ಜೈಲಿನ ಮಾತು ಎಂದು ತಂಗಿ ಎಚ್ಚರಿಸಿದ್ದಳು. ಬರಿ ಮಾತಿನಲ್ಲಿಯೇ ಕೆಲಸ ಸಾಗಿಸಿದೆ. ಪಕ್ಕದ ಮನೆಯ ತಮಿಳು ಅಕ್ಕನ ಮಗಳು ಸಿಕ್ಕಳು, ಅವಳ ಮೂಲಕ ಗೆಳತಿಯರು, ಡಾಕ್ಟರ ಮಗನ ಮೂಲಕ ಅವನ ರೂಮಿನವರು. ಎಲ್ಲರ ಹೆಸರೂ ಕೊನೆಯ ದಿನದೊಳಗೆ ನೋಂದಣಿಯಾಯಿತು. ಗುರುತಿಗೆ ಪಾಸ್‌ಪೋರ್ಟು ಒಯ್ಯಬೇಕೆಂದು ಒಬ್ಬೊಬ್ಬರಿಗೂ ಎರಡೆರಡು ಸಲ ನೆನಪಿಸಿದೆ. ಒಟ್ಟು ಹನ್ನೊಂದು. ತಮ್ಮ ಊರಿನ ನಗರಸಭೆಗೆ ಅಪ್ಪ, ಅಮ್ಮ ಎಂದೂ ಓಟು ಹಾಕಿರದ ಮಕ್ಕಳು ಇಂಗ್ಲೆಂಡಿನ ಕಸದ ಬುಟ್ಟಿಗಳ ಭವಿಷ್ಯ ನಿರ್ಧರಿಸಲು ಹೊರಟರು.

ಅಲ್ಲಿ ಗುರುವಾರ ಮತದಾನ, ಶುಕ್ರವಾರ ಬೆಳಿಗ್ಗೆ ಒಂದು ಕ್ರೀಡಾಂಗಣದಲ್ಲಿ ಎಣಿಕೆ. ಅವರ ಮಧ್ಯಾಹ್ನವೆಂದರೆ ನಮಗೆ ಸಂಜೆ. ನಾನು, ನನ್ನ ಹೆಂಡತಿ ಅಂಗಡಿಯ ಎದುರಿನ, ತಮಿಳು ಮುಸಲ್ಮಾನರು ನಡೆಸುವ ಮಾಮಕ್ ಹೋಟೆಲಿನ ಹೊರಗಿನ ಮೇಜು ಹಿಡಿದು ಚಹಾ ಕುಡಿಯುತ್ತ ಕೂತೆವು. ಡಾಕ್ಟರು ಕಾಲೇಜು ಮುಗಿಸಿ ರೈಲು ಹಿಡಿದು ನೇರ ಅಲ್ಲಿಗೇ ಬಂದರು. ತಾನು ಓಟು ಹಾಕದ ಚುನಾವಣೆಗೆ ಇಷ್ಟು ಎದೆ ಬಡಿದುಕೊಳ್ಳುತ್ತದೆಂದು ನನಗೆ ಗೊತ್ತಿರಲಿಲ್ಲ.

ಏಳೂವರೆಗೆ ತಂಗಿಯಿಂದ ಒಂದೇ ಪದ ಬಂತು: ಗೆದ್ದೆ.

ನಾನು ಎದ್ದು ನಿಂತು ಮೂರು ರೋಟಿ ಚನಾಯ್ ಹೇಳಿದೆ. "ಇನ್ನ ನಮ್ಮ ಗಟಾರದ ಮುಚ್ಚಳಾನೂ ನಿಮ್ಮ ತಂಗೀನ ಹಾಕಸ್ಬೇಕು ನೋಡ್ರಿ" ಎಂದು ಹೆಂಡತಿ ನಕ್ಕಳು. ಡಾಕ್ಟರು ಕೈ ಕುಲುಕಿ, "ಇಲ್ಲಿ ಕೂತು ಅಲ್ಲಿ ಗೆಲ್ಲಿಸಿದ್ರಲ್ಲ, ನಿಮ್ಮನ್ನ ನಮ್ಮ ಡೀನ್ ಮಾಡ್ಬೇಕಿತ್ತು" ಎಂದರು. ಹದಿನೈದು ನಿಮಿಷ ನನ್ನಷ್ಟು ದೊಡ್ಡ ಮನುಷ್ಯ ಪುಚೊಂಗ್‌ನಲ್ಲಿ ಇರಲಿಲ್ಲ.

ಆಮೇಲೆ ಫಲಿತಾಂಶದ ಹಾಳೆಯ ಫೋಟೋ ಬಂತು. ಡಾಕ್ಟರು ಕನ್ನಡಕ ಏರಿಸಿ ಓದಿದರು. ಮೊದಲನೆಯವನು ಬಸ್ ಡ್ರೈವರ್. ಎರಡನೆಯವನು ಎದುರು ಪಕ್ಷದವನು. ಕರಪತ್ರದಲ್ಲಿ ನಾಯಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಫೋಟೋ ಹಾಕಿಸಿದ್ದ ಮನುಷ್ಯ, ಅವನ ಬಗ್ಗೆ ಅದಕ್ಕಿಂತ ಹೆಚ್ಚು ಯಾರಿಗೂ ಗೊತ್ತಿರಲಿಲ್ಲ. ಮೂರನೆಯವಳು ನನ್ನ ತಂಗಿ. ನಾಲ್ಕನೆಯವರು ಟೀಚರ್. ತಂಗಿಗಿಂತ ಆರು ಓಟು ಕಡಿಮೆ.

ಯಾರ್ಯಾರಿಗೆ ಓಟು ಹಾಕಿದೆ ಎಂದು ಡಾಕ್ಟರು ಮಗನಿಗೆ ಮೆಸೇಜು ಹಾಕಿದರು, ಉತ್ತರ ಬಂತು. ಅದನ್ನು ಅವರು ಓದದೆ ಇದ್ದಿದ್ದರೂ ಆಗುತ್ತಿತ್ತು. "ಒಂದು ಆಂಟಿಗೆ ಹಾಕಿದ್ದಾನಂತೆ. ಒಂದು ನಾಯಿಯವನಿಗೆ. ಇನ್ನೊಂದು ಪಟ್ಟಿಯಲ್ಲಿ ಮೊದಲ ಹೆಸರಿದ್ದವನಿಗೆ. ಯಾಕೆ ಮಾರಾಯಾ ಅಂತ ಕೇಳಿದ್ರೆ, 'ಅಂಕಲ್ ಸೆಡ್ ಎನಿಬಡಿ ಲಾ' ಅಂತಾನೆ."

"ಉಳಿದವ್ರು?" ಎಂದು ನನ್ನ ಹೆಂಡತಿ ಕೇಳಿದಳು. ಉಳಿದ ಹತ್ತು ಜನರೂ ಬೇರೆ ರೀತಿಯವರಾಗಿರಲು ಕಾರಣವಿರಲಿಲ್ಲ.

ನಾನು ತಂಗಿಗೆ ಫೋನು ಮಾಡಿದೆ. ಹಿಂದೆ ಚಪ್ಪಾಳೆಯ ಸದ್ದಿತ್ತು, ಅವಳ ದನಿಯಲ್ಲಿ ಗೆಲುವಿರಲಿಲ್ಲ.

"ಎರಡ ಸಲ ಎಣಿಸಿದ್ರಣ್ಣಾ. ಎರಡನೇ ಸಲ ಎಣಿಸೋ ಮುಂದ ಟೀಚರ್ ನನ್ನ ಕೈ ಹಿಡ್ಕೊಂಡು ನಿಂತಿದ್ರು. ನನ್ನ ಸಲುವಾಗಿ ಹೆದರಿದ್ರು. ತಮ್ಮ ಸಲುವಾಗಿ ಅಲ್ಲ."

"ನಿಂದೇನ್ ತಪ್ಪದ ಅದರಾಗ? ಜನ ಹಾಕ್ಯಾರ, ಬಂದದ."

"ನಿನ್ನ ಮಾತು ಕೇಳಿ ನಾ ಕೊನೀ ವಾರ ಒಂದ ಓಟು ಕೇಳ್ಕೋತ ತಿರುಗಾಡಿದ ಓಣಿ ಓಟಿನ ಪೆಟಿಗಿ ತಗದಾಗ ಅಲ್ಲೇ ನಿಂತು ನೋಡೇನಿ. ಚೀಟಿ ಮ್ಯಾಲ ಚೀಟಿ. ನನಗೊಂದು, ನಾಯಿ ಅವಂಗೊಂದು. ಮೂರೂ ಕೇಳಿದ್ರ ಮೂರೂ ಬರ್ತಿದ್ವು." ಆಮೇಲೆ ಕೇಳಿದಳು, "ನಿನ್ನ ಪುಚೊಂಗ್ ಓಟು ಎಷ್ಟು?"

"ಹನ್ನೊಂದು."

ಆರು ದೊಡ್ಡದೋ ಹನ್ನೊಂದು ದೊಡ್ಡದೋ ಎಂಬುದು ಇಬ್ಬರಿಗೂ ಗೊತ್ತಿತ್ತು. ಆ ಹನ್ನೊಂದು ಇಲ್ಲದಿದ್ದರೆ ಅವಳೇ ನಾಲ್ಕನೆಯವಳು, ಹಿಂದಿನ ಬೆಂಚಿಗೆ ವಾಪಸು.

"ಒಂದು ಕೆಲಸ ಮಾಡು ತಂಗಿ. ಈಗಿಂದೀಗ ಟೀಚರ್ ಹತ್ರ ಹೋಗು..." ಎಂದು ಶುರು ಮಾಡಿದೆ.

"ಅಣ್ಣಾ, ನೀ ಒಂದು ಕೆಲಸ ಮಾಡು. ಸುಮ್ನಿರು."

ಫೋನು ಇಟ್ಟಳು. ರೋಟಿ ತಣ್ಣಗಾಗಿತ್ತು. ನನ್ನ ಹೆಂಡತಿ ಮಾತ್ರ ತಿಂದಳು.

ಆಮೇಲೆ ಬಹಳ ಯೋಚಿಸಿದ್ದೇನೆ. ಲೆಕ್ಕ ಎಲ್ಲಿ ತಪ್ಪಿತು ಎಂದರೆ, ಪರದೆಯ ಗಿರಾಕಿ ಉಳಿದ ಎರಡು ಕಿಟಕಿಗಾಗಿ ಮತ್ತೆ ಬರುತ್ತಾನೆ. ಓಟಿನ ಗಿರಾಕಿ ಪೆನ್ಸಿಲ್ ಹಿಡಿದು ಒಂದೇ ಸಲ ಒಳಗೆ ಹೋಗುತ್ತಾನೆ, ಆ ಎರಡನ್ನೂ ಅಲ್ಲೇ ಯಾರಿಗೋ ಕೊಟ್ಟು ಮನೆಗೆ ಹೋಗುತ್ತಾನೆ. ಇದನ್ನು ಒಂದು ವಾರ ಮೊದಲು ಯೋಚಿಸಬಹುದಿತ್ತು. ಆಗ ಸಲಹೆ ಕೊಡುವುದರಲ್ಲಿ ಪುರುಸೊತ್ತಿರಲಿಲ್ಲ.

ತಂಗಿ ಎಣಿಕೆಯ ದಿನವೇ ಟೀಚರ ಮನೆಗೆ ಹೋಗಿ ಎಲ್ಲವನ್ನೂ ಹೇಳಿಬಿಟ್ಟಳಂತೆ. ಅಣ್ಣನ ಕಿಟಕಿ, ಅಣ್ಣನ ಮಾತು, ಹನ್ನೊಂದು ಮಕ್ಕಳು, ಎಲ್ಲ. ತಂಗಿಯ ಬಾಯಿಂದ ಇದನ್ನು ಕೇಳಿದವಳು ನನ್ನ ಹೆಂಡತಿ, ನಾನಲ್ಲ. ತಂಗಿ ಆಗ ನನ್ನ ಫೋನು ಎತ್ತುತ್ತಿರಲಿಲ್ಲ. ಟೀಚರ್ ಏನಂದರು?

"ನಕ್ರಂತ. ಥ್ಯಾಂಕ್ಯೂ ಅಂದ್ರಂತ. ಬಾಗಲಾ ಹಾಕಿದ್ರಂತ" ಎಂದು ಹೆಂಡತಿ ವರದಿ ಮಾಡಿದಳು.

ಆಮೇಲೆ ಮೂರು ವಾರ ಟೀಚರ್ ತಂಗಿಗೆ ಫೋನು ಮಾಡಲಿಲ್ಲ. ತಂಗಿ ಮೊದಲ ಸಭೆಗೆ ಹೋಗಿ ಮುಂದಿನ ಸಾಲಿನಲ್ಲಿ ಕೂತಳು. ತಿರುಗಿ ನೋಡಿದರೆ ಹಿಂದಿನ ಬೆಂಚಿನಲ್ಲಿ ಟೀಚರ್ ಇರಲಿಲ್ಲವಂತೆ, ಅದೇ ಹೆಚ್ಚು ಸಂಕಟವಾಯಿತಂತೆ.

ನನಗೆ ತಿಳಿದ ರಾಜಿ ಒಂದೇ. ಟೀಚರ ಮನೆಯ ಕಿಟಕಿಗಳ ಅಳತೆ ಕಳಿಸು ಎಂದು ತಂಗಿಗೆ ಮೆಸೇಜು ಹಾಕಿದೆ. ಉತ್ತರವಿಲ್ಲ. ಮರುದಿನ ಮತ್ತೆ ಹಾಕಿದೆ. ನಾಲ್ಕನೆಯ ದಿನ ಬೇಸತ್ತು ಕಳಿಸಿದಳು: ಮುಂದಿನ ಕೋಣೆ, ಎರಡು ಮಲಗುವ ಕೋಣೆ. ಚಳಿಯ ದೇಶವೆಂದು ಅಸ್ತರು ಕೊಟ್ಟು, ಅಂಗಡಿಯ ಒಳ್ಳೆಯ ಬಟ್ಟೆಯಲ್ಲಿ ಮೂರು ಜೊತೆ ಹೊಲಿಸಿ ಕಳಿಸಿದೆ. ಈ ಸಲ ಒಂದನ್ನು ಕೊಟ್ಟು ಎರಡನ್ನು ಬಿಡುವ ಮಾತಿರಲಿಲ್ಲ. ಮೂರಕ್ಕೆ ಮೂರೂ.

ಹತ್ತು ದಿನದ ಮೇಲೆ ತಂಗಿಯೇ ಫೋನು ಮಾಡಿದಳು.

"ಟೀಚರ್ ಕರದಿದ್ರಣ್ಣಾ. ಅವ್ರ ಮೊಣಕಾಲು ಬ್ಯಾನಿ, ಸ್ಟೂಲ್ ಹತ್ತಾಕ ಆಗಂಗಿಲ್ಲ. ನಾನ ಹತ್ತಿ ಪರದಿ ಏರಿಸಿದೆ. ಅವ್ರು ಕೆಳಗ ಸ್ಟೂಲ್ ಹಿಡ್ಕೊಂಡು, ಎಡಕ್ಕ ಎತ್ತು, ಬಲಕ್ಕ ಎತ್ತು ಅಂತ ಒಂದ ಸಮನ ಹೇಳೋದು. ಥೇಟ್ ನಿನ್ನಂಗ."

"ಮೂರೂ ಏರಿಸಿದ್ಯಾ?"

"ಇಲ್ಲ. ಮುಂದಿನ ಖೋಲಿದು ಒಂದು ಇಟ್ಗೊಂಡ್ರು. ಉಳಿದ ಎರಡು ತಮಗ ಬೇಕಾದವ್ರಿಗೆ ಕೊಡ್ತೀನಿ ಅಂದ್ರು." ಅವಳು ನಗು ತಡೆಯುತ್ತಿದ್ದಳು. "ಒಂದು ಚರ್ಚಿನ ಹಳೇ ಸಾಮಾನದ ಮಾರಾಟಕ್ಕ ಹೋತು. ಇನ್ನೊಂದು ನಾಯಿ ಅವಂಗ. ಅವ್ನ ನಾಯಿ ಮನೀ ಪರದಿ ಹರದದಂತ. ನಾನ ಹೋಗಿ ಕೊಟ್ ಬಂದೆ."

"ಟೀಚರ್ ಮತ್ತೇನರ ಅಂದ್ರೇನು?"

"ಮುಂದಿನ ಶನಿವಾರ ಕಸದ ಗಾಡಿ ತಕರಾರು ಕೇಳಾಕ ಇಬ್ರೂ ಕೂಡೇ ಹೋಗೋಣು ಅಂದ್ರು. ನನಗ ಇನ್ನೂ ಓಣಿ ಸರಿಯಾಗಿ ಗೊತ್ತಿಲ್ಲಂತ."

ಮಲಗುವ ಕೋಣೆಯ ಅಳತೆಯ ಪರದೆ ಆ ನಾಯಿಯವನ ಕಿಟಕಿಗೆ ಕೂಡುವುದಿಲ್ಲ, ಕೆಳಗೆ ಮಡಚಿ ಹೊಲಿಸಬೇಕು ಎಂದು ಹೇಳುವುದಿತ್ತು. ಬಾಯಿಗೆ ಬಂದಿತ್ತು ಕೂಡ. ಎದುರಿಗೆ ಕೂತಿದ್ದ ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು. "ಚಲೋ ಆತು ಬಿಡು" ಎಂದಷ್ಟೇ ಹೇಳಿ ಫೋನು ಅವಳ ಕೈಗೆ ಕೊಟ್ಟೆ.