ದೊಡ್ಡವ್ವನ ಬಾಯಿಗೆ ಬಾರದ ಹೆಸರು

ನಮ್ಮ ದೊಡ್ಡವ್ವ ರುಕ್ಮವ್ವ ಪಂಚಾಯತಿ ಮೆಂಬರಾದದ್ದು ಯಾರ ದೊಡ್ಡ ಮನಸ್ಸಿನಿಂದಲೂ ಅಲ್ಲ. ಹೆಂಗಸರಿಗೂ ಜಾಗ ಇರಬೇಕೆಂದು ಅರವತ್ತರ ಸುಮಾರಿಗೆ ಸರಕಾರ ಹೇಳಿತು. ಬಾಗೇವಾಡಿ ಸೀಮೆಯ ನಮ್ಮೂರಿನಲ್ಲಿ ಚೇರಮನ್ನನಾಗಲು ಹೊರಟಿದ್ದ ದೊಡ್ಡಪ್ಪ ಶ್ರೀಶೈಲಪ್ಪ, ಒಂದು ಓಟು ಮನೆಯಲ್ಲೇ ಇರಲೆಂದು ಹೆಂಡತಿಯ ಹೆಸರು ಕೊಟ್ಟ. ಆಕೆಗೆ ಬೇಕಾಗಿದ್ದದ್ದು ಓಣಿಗೊಂದು ಬಾವಿ. ಹೆಂಗಸರು ಹಳ್ಳದಿಂದ ಒಂದು ಮೈಲಿ ಕೊಡ ಹೊರುತ್ತಿದ್ದರು. ಆ ಮಾತೆತ್ತಿದರೆ ದೊಡ್ಡಪ್ಪ, "ಮೊದಲ ಚಾವಡಿ ರಿಪೇರಿ ಆಗ್ಲಿ" ಎನ್ನುತ್ತಿದ್ದ. ಹೊರುವ ತಲೆ ಅವನದಲ್ಲವಲ್ಲ!

ಚೇರಮನ್ನನನ್ನು ಆರಿಸುವ ದಿನ ತಾಲೂಕಿನಿಂದ ಬಂದ ಅಧಿಕಾರಿ, ಪ್ರತಿಯೊಬ್ಬರೂ ಎದ್ದುನಿಂತು ತಮಗೆ ಬೇಕಾದವರ ಹೆಸರನ್ನು ಬಾಯಿಬಿಟ್ಟು ಹೇಳಬೇಕೆಂದ. ದೊಡ್ಡಪ್ಪನಿಗೆ ಐದು, ಎದುರಾಳಿ ಮೀರಾಸಾಬನಿಗೆ ಐದು ಬಿದ್ದವು. ಕೊನೆಗೆ ಉಳಿದವಳು ದೊಡ್ಡವ್ವ. ಸೆರಗು ಎಳೆದುಕೊಂಡು ನಿಂತಳು, ತುಟಿ ಬಿಚ್ಚಲಿಲ್ಲ. ಗಂಡನ ಹೆಸರು ಹೇಳುವ ರೂಢಿ ನಮ್ಮ ಕಡೆ ಎಲ್ಲಿದೆ? ಮಹಾಬುದ್ಧಿವಂತ ದೊಡ್ಡಪ್ಪನಿಗೆ ಇದೊಂದು ಹೊಳೆದಿರಲಿಲ್ಲ.

"ಒಡಪಿನ ಪದದಾಗರ ಹೆಸರು ಕೂಡ್ಸಿ ಹೇಳಬೇ," ಎಂದ ದೊಡ್ಡಪ್ಪನ ಕಡೆಯ ಬೀರಣ್ಣ.

"ಒಡಪು ಮದುವಿ, ಕುಬಸದಾಗ ಹಾಕೂದು. ಚಾವಡ್ಯಾಗಲ್ಲ."

ದೊಡ್ಡಪ್ಪ ಬೆವರಿದ. "ನಾನ ಹೇಳಾಕತ್ತೇನಿ, ಹೇಳ!"

"ದವಾಖಾನ್ಯಾಗ ಒಮ್ಮೆ ನಿಮ್ಮ ಹೆಸರು ಹೇಳಿದ್ದಕ್ಕ ಮೂರು ದಿನ ನನ್ನ ಕೈಯಾಗ ನೀರು ಕುಡೀಲಿಲ್ಲರಿ ನೀವು. ಈಗ ನನ್ನ ಬಾಯಿಗೆ ಬರೂ ಹೆಸರು ಎರಡ. ಒಂದು ಮೀರಾಸಾಬಣ್ಣಂದು, ಒಂದು ನಂದು. ಯಾವುದು ಹೇಳ್ಲಿ?"

ಮೀರಾಸಾಬ ಮೀಸೆಯಲ್ಲೇ ನಗುತ್ತಿದ್ದ. ಆ ನಗು ಕಂಡು ದೊಡ್ಡಪ್ಪನ ಪಿತ್ತ ನೆತ್ತಿಗೇರಿತು.

"ನಿಂದ ಹೇಳ!"

"ನಂದೊಂದ ಓಟಿನ್ಯಾಗ ಏನಾಗ್ತೈತ್ರಿ? ನೀವೂ ಹೇಳ್ರಿ, ಇಲ್ಲಂದ್ರ ಮೀರಾಸಾಬಣ್ಣಂದ ಹೇಳ್ತೇನಿ."

ಮೀರಾಸಾಬ ಗೆಲ್ಲುವುದಕ್ಕಿಂತ ಸಾಯುವುದೇ ಮೇಲೆಂದುಕೊಂಡಿದ್ದ ದೊಡ್ಡಪ್ಪ ಎದ್ದುನಿಂತ. ಮೊದಲಿನ ಮಾತು ಹಿಂದಕ್ಕೆ ತೆಗೆದುಕೊಂಡೆನೆಂದು ಅಧಿಕಾರಿಗೆ ಹೇಳಿ, ಗಂಟಲು ಸರಿಮಾಡಿಕೊಂಡು, "ರುಕ್ಮವ್ವ" ಎಂದ.

"ಕೇಳ್ಸಲಿಲ್ಲರಿ," ಎಂದಳು ದೊಡ್ಡವ್ವ.

"ರುಕ್ಮವ್ವ!" ಚಾವಡಿಯ ಹೊರಗೆ ಕಟ್ಟಿದ್ದ ಎತ್ತೂ ತಿರುಗಿ ನೋಡಿತಂತೆ. ಅವನ ಕಡೆಯ ನಾಲ್ವರೂ ಅದೇ ಹೆಸರು ಹೇಳಿದರು. ಅವಳದೂ ಸೇರಿ ಆರು.

ಮುಂದಿನ ಬೇಸಿಗೆಗೆ ಓಣಿಯ ಬಾವಿಯಲ್ಲಿ ನೀರು ಬಂತು. ಅಲ್ಲೇ ಕೊಡ ತುಂಬುವಾಗ ಒಮ್ಮೆ ಕೇಳಿದೆ: "ದೊಡ್ಡವ್ವಾ, ಅವತ್ತು ಖರೇನ ಕೇಳ್ಸಿರಲಿಲ್ಲೇನು?"

"ಕೇಳ್ಸಿತ್ತವ್ವಾ," ಎಂದಳು. "ಹತ್ತೊಂಬತ್ತು ವರ್ಷ ಬರೇ 'ಏ' ಅಂತಿದ್ರು. ಇನ್ನೊಮ್ಮೆ ಕೇಳಬೇಕನ್ನಿಸ್ತು."