ಬಿಸಿನೀರಿನ ರೇಟು

ಶಿರಾ ಗೇಟಿನ ಕಲ್ಯಾಣ ಮಂಟಪದ ಎದುರಿಗೇ ಅಡವಿಯಪ್ಪನ ಲಾಡ್ಜು. ಹತ್ತು ರೂಮು, ಹತ್ತಕ್ಕೂ ಸೋಲಾರ್ ಬಿಸಿನೀರು. ದೇವರು ತಾಳ್ಮೆಯೊಂದನ್ನು ಬಿಟ್ಟು ಮಿಕ್ಕೆಲ್ಲ ಕೊಟ್ಟಿದ್ದ. ಕಟ್ಟಡ ಮಾತ್ರ ಹೆಂಡತಿ ಸರ್ವಮಂಗಳಳ ಹೆಸರಿನಲ್ಲಿತ್ತು.

"ಈ ಲಗ್ನದ ಸೀಸನ್ನಲ್ಲೂ ರೂಮು ತುಂಬ್ಲಿಲ್ಲ ಅಂದ್ರೆ ನನ್ ತಮ್ಮ ಸೋಮಶೇಖರನ ಪೈಪ್ ಗೋಡೌನ್‌ಗೆ ಕೊಟ್ಬುಡ್ತೀನಿ. ಪೈಪು ಟವೆಲ್ ಕದಿಯಲ್ಲ," ಎಂದಿದ್ದಳು ಅವಳು.

ಮೊದಲ ಮುಹೂರ್ತಕ್ಕೆ ಅಡವಿಯಪ್ಪ ಎಂಟುನೂರರ ರೂಮಿಗೆ ಎರಡು ಸಾವಿರ ಹೇಳಿದ. ವಿಮಾನದವರು ಹಬ್ಬಕ್ಕೆ ರೇಟು ಏರಿಸುವುದಿಲ್ಲವೇ ಎಂಬುದು ಅವನ ವಾದ. ಗುಬ್ಬಿಯ ನೆಂಟರು ಆರತಕ್ಷತೆ ಊಟ ಮುಗಿಸಿ, ಎಲೆಅಡಿಕೆ ಜಗಿಯುತ್ತಾ ಬಸ್ಸು ಹತ್ತಿ ಮನೆಯಲ್ಲೇ ಮಲಗಿದರು. ಕುಣಿಗಲ್ಲಿನವರು ಮಂಟಪದಲ್ಲಿ ಜಮಖಾನ ಹಾಸಿಕೊಂಡರು.

ಎರಡನೆಯದಕ್ಕೆ ಸಿಟ್ಟಿನಲ್ಲಿ ಮುನ್ನೂರಕ್ಕೆ ಇಳಿಸಿದ. ಕುಣಿಗಲ್ಲಿನ ನರಸಿಂಹಮ್ಮ ಮೊಮ್ಮಗಳ ಜೊತೆ ಬಂದವಳು ಬೋರ್ಡು ನೋಡಿ ಮೆಟ್ಟಿಲಲ್ಲೇ ನಿಂತಳು.

"ಮುನ್ನೂರಾ? ಏನ್ ವ್ಯವಾರ ನಡೀತದಪ್ಪ ಇಲ್ಲಿ?"

"ತಿಗಣೆ ಇರ್ಬೇಕು, ಬಾರಜ್ಜಿ," ಎಂದಳು ಮೊಮ್ಮಗಳು.

"ಹಾಸಿಗೆ ಒದರಿ ತೋರಿಸ್ತೀನಿ ಬಾರಮ್ಮ ಒಳಕ್ಕೆ," ಎಂದು ಅಡವಿಯಪ್ಪ ಗದರಿದ. ಹಾಗೆ ಕರೆದರೆ ಯಾವ ಹೆಣ್ಣುಮಗಳು ಒಳಗೆ ಬರುತ್ತಾಳೆ?

ಮೂರನೆಯ ಮುಹೂರ್ತದ ಮುಂಜಾನೆ, ಗುಬ್ಬಿಯ ವಾಲಗದ ಚಿಕ್ಕರಂಗಯ್ಯ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದ. ಮಂಟಪದಲ್ಲಿ ಇದ್ದದ್ದು ಎರಡೇ ಬಚ್ಚಲು. ಕ್ಯೂ ಅಡುಗೆಮನೆಯವರೆಗೆ ಬೆಳೆದಿತ್ತು.

"ಮಲ್ಗೋಕಲ್ಲ ಕಣಣ್ಣ. ತಲೆ ಮೇಲೆ ನಾಕು ಚೊಂಬು ಬಿಸಿನೀರು ಸಿಗ್ತದಾ? ಆಳಿಗೆ ಐವತ್ತು ಕೊಡ್ತೀವಿ."

ಅವನ ಹಿಂದೆಯೇ ನೆಂಟರಿಷ್ಟರೆಲ್ಲ ನುಗ್ಗಿದರು. ಏಳು ಗಂಟೆಯೊಳಗೆ ಹತ್ತು ರೂಮೂ ಭರ್ತಿ. ಸರ್ವಮಂಗಳ ಗೋಡೌನಿನ ಮಾತೆತ್ತದೆ ತಾನೇ ಸೋಪು ಹಂಚಿದಳು.

ಅಷ್ಟಕ್ಕೆ ಸುಮ್ಮನಿದ್ದರೆ ಅವನು ಅಡವಿಯಪ್ಪ ಹೇಗಾದಾನು? ಸೀಸನ್ನಿನ ಕೊನೆಯ ಮುಹೂರ್ತಕ್ಕೆ ಸ್ನಾನಕ್ಕೆ ಇನ್ನೂರೆಂದು ಬೋರ್ಡು ಬರೆಸಿದ.

"ಮೈ ತೊಳೀದೆ ಧಾರೆ ಎರೀತಾರಾ? ಬಂದೇ ಬರ್ತಾರೆ ಸುಮ್ನಿರು," ಎಂದ ಹೆಂಡತಿಗೆ.

ಆ ಸುದ್ದಿಯನ್ನು ಊರೂರಿಗೆ ಊದಿದವನು ಚಿಕ್ಕರಂಗಯ್ಯ. ಮುಹೂರ್ತದ ಬೆಳಗ್ಗೆ ಬಸ್ಸಿಳಿದ ಹೆಂಗಸರೆಲ್ಲ ಒದ್ದೆ ಕೂದಲಿಗೆ ಮಲ್ಲಿಗೆ ಮುಡಿದಿದ್ದರು. ಗಂಡಸರ ಹಣೆಯ ವಿಭೂತಿ ಆಗತಾನೇ ಇಟ್ಟಂತಿತ್ತು. ಚಿಕ್ಕರಂಗಯ್ಯನೂ ಊರಲ್ಲೇ ಮಿಂದು ಬಂದು, ಲಾಡ್ಜಿನ ಬಾಗಿಲಲ್ಲಿ ಇಣುಕಿದ.

"ಬಾಚಣಿಗೆ ಇದ್ರೆ ಕೊಡಣ್ಣ. ಅದ್ಕೆಷ್ಟು ರೇಟು?"

ಅಡವಿಯಪ್ಪ ಬೈಯಲು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಸೋಮಶೇಖರ್ ಕೂಗಿದ. ಅವನ ಕೈಯಲ್ಲಿ ಅಳತೆ ಟೇಪಿತ್ತು, ಅದರ ಇನ್ನೊಂದು ತುದಿ ಸರ್ವಮಂಗಳಳ ಕೈಯಲ್ಲಿ.

"ರೂಮಲ್ಲಿ ಹತ್ತಡಿ ಪೈಪು ಸಲೀಸಾಗಿ ಹಿಡೀತದೆ ಭಾವ. ಇಪ್ಪತ್ತಡಿಯವು ಕಾರಿಡಾರಲ್ಲಿ ಮಲಗ್ತವೆ."

"ಇಪ್ಪತ್ತಡಿಯವಕ್ಕೆ ರೇಟು ಬೇರೆ," ಎಂದ ಅಡವಿಯಪ್ಪ.